ಸಾಲದು ಮೇಷ್ಟ್ರು

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಉಮಾಮಹೇಶ್ವರನ ತಿರಸ್ಕಾರ ಬೆಳಗಿನ ಹಾಲಿನವನಿಂದ ಶುರುವಾಗುತ್ತಿತ್ತು. ಹೊಸ ಹಿಂಡಿ ಹಾಕಿದ ಮೇಲೆ ಹಾಲು ಏರಿದೆ ಎಂದು ಹಾಲಿನವನು ಹೇಳಿದರೆ, ಎಷ್ಟು ಹಸುವಿಗೆ ಹಾಕಿದೆ ಎಂದು ಇವನು ಕೇಳುತ್ತಿದ್ದ. ಒಂದಕ್ಕೆ. "ಸಾಲದು" ಎಂದು ಹೇಳಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಅಲ್ಲಿಂದ ಮುಂದೆ ದಿನವಿಡೀ ಊರು ಅವನ ತಿರಸ್ಕಾರಕ್ಕೆ ಮೇವು ಒದಗಿಸುತ್ತಿತ್ತು. ಹೊಸ ಸ್ಕೂಟರಿನಲ್ಲಿ ಒಮ್ಮೆ ಮೂಡಿಗೆರೆಗೆ ಹೋಗಿಬಂದು ಮೈಲೇಜು ಘೋಷಿಸುವ ಸಹೋದ್ಯೋಗಿ, ತನ್ನ ಸೋದರಮಾವ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿಯೂ ತೊಂಬತ್ತು ಬದುಕಿದ ಎನ್ನುವ ಹಜಾಮ, ಒಂದೇ ಮಗುವನ್ನು ಬೆಳೆಸಿ ಮಕ್ಕಳನ್ನು ಬೆಳೆಸುವ ಬಗ್ಗೆ ಭಾಷಣ ಮಾಡುವ ಪ್ರಿನ್ಸಿಪಾಲರು. ಎಲ್ಲರಿಗೂ ಅದೇ ಒಂದು ಮಾತು. ಹೀಗಾಗಿ ಊರು ಅವನಿಗೆ ಸಾಲದು ಮೇಷ್ಟ್ರು ಎಂದು ಹೆಸರಿಟ್ಟಿತ್ತು. ಈ ಹೆಸರಿನಿಂದ ಅವನಿಗೆ ಬೇಸರವೇನೂ ಆಗಿರಲಿಲ್ಲ. ಊರಿನವರು ಸರಿಯಾಗಿ ಗಮನಿಸಿದ ಒಂದೇ ಸಂಗತಿ ಅದು ಎಂದುಕೊಂಡಿದ್ದ.

ಈ ಬುದ್ಧಿ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅವನ ತಂದೆ ಕಳಸದ ಕಡೆಯ ಪುರೋಹಿತರು. ಮುಹೂರ್ತ ಇಟ್ಟ ಮದುವೆ ಚೆನ್ನಾಗಿ ನಡೆದರೆ ಗಂಡಿನ ಕಡೆಯವರು ಬೆಲ್ಲ, ಬಾಳೆಗೊನೆ ತಂದು ಕೊಡುತ್ತಿದ್ದರು. ಮುರಿದರೆ ಅದು ಹೆಣ್ಣಿನ ಹಣೆಬರಹವಾಗುತ್ತಿತ್ತು. ಸಣ್ಣವನಿದ್ದಾಗ ಉಮಾಮಹೇಶ್ವರ ಒಂದು ಸಲ, ಮುಹೂರ್ತ ಇಡದೆ ಮಾಡಿಕೊಂಡವರದು ಹೇಗಿದೆಯೋ ನೋಡಬೇಕಲ್ಲ ಅಪ್ಪಯ್ಯ ಎಂದು ಕೇಳಿದ್ದ. ತಂದೆ ಬಾಳೆಗೊನೆಯಿಂದ ಒಂದು ಹಣ್ಣು ಮುರಿದು ಅವನ ಕೈಗಿಟ್ಟು, ತಿನ್ನು ಎಂದಿದ್ದರು. ಆ ಹಣ್ಣಿನ ರುಚಿಯನ್ನೂ ಉತ್ತರ ಸಿಗದ ಪ್ರಶ್ನೆಯನ್ನೂ ಅವನು ಒಟ್ಟಿಗೇ ನೆನಪಿಟ್ಟುಕೊಂಡಿದ್ದ.

ಅವನ ಹೆಂಡತಿ ಸುಭದ್ರಾ ಕಾಫಿ ಕ್ಯೂರಿಂಗ್ ವರ್ಕ್ಸಿನ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಸಂಜೆ ಬಂದು ಸೀರೆಯ ಸೆರಗಿನಿಂದ ಕಾಫಿಹೊಟ್ಟು ಕೊಡವುತ್ತ, ನಿಮ್ಮ ಮಾತು ಸರಿ, ಆದರೆ ಅದನ್ನು ಹೇಳುವಾಗ ನಿಮ್ಮ ಮುಖ ಇರುತ್ತದಲ್ಲ, ಅದು ಸರಿಯಿಲ್ಲ ಎನ್ನುತ್ತಿದ್ದಳು. ಅವನು ಕನ್ನಡಿ ನೋಡಿಕೊಳ್ಳುವವನಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂತು. ಬೆಲೆ ಬಂದ ವರ್ಷ ಪ್ಲಾಂಟರುಗಳು ಜೀಪು ಬದಲಾಯಿಸಿದರು, ಮರುವರ್ಷ ಮನೆಗೆ ಟೈಲ್ಸ್ ಹಾಕಿಸಿದರು, ಅದರ ಮರುವರ್ಷ ಮಾಡಲು ಬೇರೇನೂ ತೋಚದೆ ವಿಜ್ಞಾನಿಗಳಾದರು. ಮೂಡಿಗೆರೆ ಕಡೆಯ ಒಂದು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ, ಬಿಲಿಯರ್ಡ್ಸ್ ಟೇಬಲ್ಲಿಗೂ ಇಸ್ಪೀಟು ಕೋಣೆಗೂ ನಡುವೆ, ಸಂಶೋಧನಾ ಕಮಿಟಿ ಎಂಬ ಬೋರ್ಡು ಬಿತ್ತು. ಕ್ಲಬ್ಬಿನ ಸೆಕ್ರೆಟರಿ ಮಲ್ಲಿಕಾರ್ಜುನಪ್ಪ ಅದರ ಅಧ್ಯಕ್ಷರು. ದೊಡ್ಡ ಎಸ್ಟೇಟು, ದೊಡ್ಡ ಮೀಸೆ, ಎಲ್ಲರನ್ನೂ ಹೆಗಲ ಮೇಲೆ ಕೈಹಾಕಿ ಮಾತಾಡಿಸುವ ಮನುಷ್ಯ.

ಅವರು ಕೈಗೆತ್ತಿಕೊಂಡ ಪ್ರಶ್ನೆ ಮಾತ್ರ ಸಣ್ಣದಾಗಿರಲಿಲ್ಲ. ಅರೇಬಿಕಾ ಗಿಡದ ಸಿಪ್ಪೆಯ ಸಂದಿನಲ್ಲಿ ದುಂಬಿ ಮೊಟ್ಟೆ ಇಡುತ್ತದೆ, ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಗಿಡ ಹಳದಿಯಾಗುತ್ತದೆ, ಕಿತ್ತು ಸುಡದೆ ವಿಧಿಯಿಲ್ಲ. ಎಲ್ಲರೂ ಬೋರರ್ ಎಂದು ಕರೆಯುವ ಈ ಹುಳುವಿಗೆ ಬಿಸಿಲು ಇಷ್ಟ ಎಂದು ಹಳಬರ ನಂಬಿಕೆ. ಹಾಗಾದರೆ ತೋಟದ ಹಳೇ ಹಲಸು, ನಂದಿ, ಅತ್ತಿ ಮರಗಳನ್ನು ಕಡಿದು, ಬೇಗ ಬೆಳೆದರೂ ನೆರಳು ಕಡಿಮೆ ಕೊಡುವ ಸಿಲ್ವರ್ ಓಕ್ ಹಾಕಿದರೆ ಬೋರರ್ ಹೆಚ್ಚುತ್ತದೆಯೆ? ದಟ್ಟ ನೆರಳು, ತೆಳು ನೆರಳು, ಬರೀ ಸಿಲ್ವರ್ ಓಕ್, ಹೆಚ್ಚುಕಡಿಮೆ ಬಯಲು, ಹೀಗೆ ನಾಲ್ಕು ಬಗೆಯಲ್ಲಿ ಪ್ಲಾಟು ಮಾಡಿ, ಪ್ರತಿ ಪ್ಲಾಟಿನಲ್ಲಿ ಹುಳು ಹಿಡಿದ ಗಿಡ ಎಣಿಸಿ, ನಾಲ್ಕು ಗುಂಪುಗಳ ಸರಾಸರಿ ಹೋಲಿಸುವುದು ಅವರ ಯೋಜನೆ. ವರದಿಯಲ್ಲಿ ಒಬ್ಬ ಸಂಖ್ಯಾಶಾಸ್ತ್ರದವರ ಹೆಸರಿದ್ದರೆ ಚೆನ್ನ ಎಂದು ಉಮಾಮಹೇಶ್ವರನಿಗೆ ಜೀಪು ಕಳಿಸಿದರು.

ಬೇರೆ ಯಾವ ವಿಷಯವಾಗಿದ್ದರೂ ಅವನು ಜೀಪನ್ನು ಖಾಲಿ ತಿರುಗಿಸಿ ಕಳಿಸುತ್ತಿದ್ದ. ಆದರೆ ಜಾವಳಿಯಲ್ಲಿ ಸುಭದ್ರೆಯ ತವರಿನ ತೋಟವಿತ್ತು. ಅವಳಿಗೂ ತಮ್ಮ ಪ್ರಸಾದನಿಗೂ ಸೇರಿದ್ದು, ನೋಡಿಕೊಳ್ಳುವವನು ಪ್ರಸಾದ. ಇಡೀ ತೋಟ ಅರೇಬಿಕಾ, ಮೇಲೆ ಅಜ್ಜನ ಕಾಲದ ಮರಗಳು. ಸುಭದ್ರಾ ಹುಡುಗಿಯಾಗಿದ್ದಾಗ ಒಂದೊಂದು ಮರಕ್ಕೂ ಹೆಸರಿಟ್ಟಿದ್ದಳು. ನಡುವಯಸ್ಸು ಬಂದರೂ ಆ ಹೆಸರುಗಳನ್ನು ಮರೆತಿರಲಿಲ್ಲ. ಮರದ ವ್ಯಾಪಾರಿ ಎರಡು ಸಲ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ಕ್ಲಬ್ಬಿನವರ ರಿಸಲ್ಟ್ ಬರಲಿ, ವ್ಯತ್ಯಾಸ ಇಲ್ಲ ಅಂತಾದರೆ ಕಡಿಸುತ್ತೇನೆ ಎಂದು ಪ್ರಸಾದ ಅಕ್ಕನಿಗೆ ಹೇಳಿಬಿಟ್ಟಿದ್ದ. ಆ ಮರಗಳು ನಿಲ್ಲುವುದೂ ಬೀಳುವುದೂ ಬಿಲಿಯರ್ಡ್ಸ್ ಟೇಬಲ್ಲಿನ ಪಕ್ಕದ ಕೋಣೆಯಲ್ಲಿ ತೀರ್ಮಾನವಾಗಲಿತ್ತು.

ಕಮಿಟಿ ಸಭೆಗೆ ಉಮಾಮಹೇಶ್ವರ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದುಕೊಂಡೇ ಹೋದ. ಒಟ್ಟು ಹನ್ನೆರಡು ಪ್ಲಾಟು, ಗುಂಪಿಗೆ ಮೂರು ಎಂದು ಆಗಲೇ ಗೊತ್ತುಮಾಡಿದ್ದರು. ಹನ್ನೆರಡೇ ಯಾಕೆ ಎಂದು ಕೇಳಿದ. ಕಮಿಟಿಯಲ್ಲಿ ಹನ್ನೆರಡು ಜನ ಇದ್ದೇವಲ್ಲ, ಒಬ್ಬರಿಗೆ ಒಂದು, ಯಾರಿಗೂ ಬೇಜಾರಾಗಬಾರದು ಎಂದರು. ಯಾವ ಪ್ಲಾಟಿಗೆ ಯಾವ ನೆರಳು ಎಂಬುದೂ ಮರ್ಯಾದೆಯ ಪ್ರಕಾರವೇ ಹಂಚಿಕೆಯಾಗಿತ್ತು. ಹಿರಿಯರು ಮೊದಲು ಆರಿಸಿಕೊಂಡಿದ್ದರು. ಬಯಲು ಪ್ಲಾಟು ಹೊಸದಾಗಿ ಸೇರಿದವರ ಪಾಲಿಗೆ ಬಂದಿತ್ತು. ಒಬ್ಬರ ತೋಟ ಜಡಿಮಳೆಯ ಕಳಸದಲ್ಲಿ, ಇನ್ನೊಬ್ಬರದು ಒಣಗಾಳಿಯ ಚಿಕ್ಕಮಗಳೂರಿನ ಮಗ್ಗುಲಲ್ಲಿ, ಮತ್ತೊಬ್ಬರದು ಜಾವಳಿಯ ಇಳಿಜಾರಿನಲ್ಲಿ. ಮದುವೆ ಪಂಕ್ತಿಯಲ್ಲಿ ಎಲೆ ಹಾಕುವ ಕ್ರಮದಲ್ಲಿ ಪ್ರಯೋಗವೊಂದನ್ನು ಹೂಡಿದ್ದನ್ನು ಅವನು ಅದೇ ಮೊದಲು ನೋಡಿದ್ದು.

ಅವನು ವಿವರಿಸಿದ. ಒಂದೇ ನೆರಳಿನ ಮೂರು ಪ್ಲಾಟುಗಳೇ ಒಂದಕ್ಕೊಂದು ಇಷ್ಟು ಬೇರೆಯಾಗಿರುವಾಗ, ಆ ಗದ್ದಲದ ನಡುವೆ ನೆರಳಿನ ದನಿ ಕೇಳಿಸುವುದಿಲ್ಲ. ಪುಸ್ತಕದವರು ದೊಡ್ಡದು ಎಂದು ಒಪ್ಪುವಂಥ ವ್ಯತ್ಯಾಸ ನಿಜವಾಗಿಯೂ ಇದೆ ಎಂದಿಟ್ಟುಕೊಳ್ಳಿ. ಇಂಥ ಪ್ರಯೋಗವನ್ನು ನೂರು ಸಲ ಮಾಡಿದರೆ ಹದಿಮೂರು ಸಲ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಉಳಿದ ಎಂಬತ್ತೇಳು ಸಲ, ಇರುವ ವ್ಯತ್ಯಾಸವನ್ನು ಕಾಣಲಿಲ್ಲ ಎಂದು ಬರೆದುಕೊಂಡು ಮನೆಗೆ ಹೋಗುತ್ತೀರಿ. ನೂರಕ್ಕೆ ಎಂಬತ್ತು ಸಲ ಕಾಣಬೇಕಿದ್ದರೆ ಗುಂಪಿಗೆ ಹತ್ತೊಂಬತ್ತು ಪ್ಲಾಟು, ಒಟ್ಟು ಎಪ್ಪತ್ತಾರು ಬೇಕು.

ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಎಪ್ಪತ್ತಾರಾ? ಕ್ಲಬ್ಬಲ್ಲಿ ಅಷ್ಟು ಮೆಂಬರುಗಳೇ ಇಲ್ವಲ್ಲ ಮೇಷ್ಟ್ರೇ."

ಎಲ್ಲರೂ ನಕ್ಕರು. ಹದಿಮೂರು ಅಂದರೆ ನಿಮ್ಮ ಕಾಲೇಜಲ್ಲಿ ಫೇಲಾ ಎಂದು ಇನ್ನೊಬ್ಬರು ಕೇಳಿ ಮತ್ತೆ ನಗಿಸಿದರು.

ಉಮಾಮಹೇಶ್ವರ ಇನ್ನೊಂದು ದಾರಿ ತೋರಿಸಿದ. ಇದೇ ಹನ್ನೆರಡು ಪ್ಲಾಟು ಇರಲಿ, ಒಂದೊಂದನ್ನೂ ನಾಲ್ಕು ಭಾಗ ಮಾಡಿ, ನಾಲ್ಕು ನೆರಳನ್ನೂ ಚೀಟಿ ಎತ್ತಿ ಹಂಚಿ. ಆಗ ಕಳಸವನ್ನು ಕಳಸದ ಜೊತೆಗೆ, ಜಾವಳಿಯನ್ನು ಜಾವಳಿಯ ಜೊತೆಗೆ ಹೋಲಿಸಿದ ಹಾಗಾಗುತ್ತದೆ. ಊರೂರಿನ ಮಳೆ, ಮಣ್ಣಿನ ಗದ್ದಲವೆಲ್ಲ ಲೆಕ್ಕದಿಂದ ಆಚೆ ಹೋಗುತ್ತದೆ. ಜಾಗ ಅಷ್ಟೇ, ಖರ್ಚು ಸ್ವಲ್ಪ ಹೆಚ್ಚು.

ಈ ಸಲ ಯಾರೂ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಪ್ರಯೋಗಕ್ಕೆ ಎಲ್ಲರೂ ಕೊಟ್ಟಿದ್ದದ್ದು ರಸ್ತೆಬದಿಯ ತುಂಡು, ನೆಂಟರು ಜೀಪಿನಲ್ಲಿ ಬರುವಾಗ ಮೊದಲು ಕಾಣುವ ತುಂಡು.

"ಒಂದ್ ಮೂಲೇಲಿ ಕಾಡು, ಒಂದ್ ಮೂಲೇಲಿ ಬೋಳು ಮಾಡಿಟ್ರೆ ನೋಡಿದವ್ರು ಎಂತ ಹೇಳ್ತಾರೆ?" ಎಂದರು ಮಲ್ಲಿಕಾರ್ಜುನಪ್ಪ. "ಯಜಮಾನ್ರಿಗೆ ತಲೆ ಕೆಟ್ಟಿದೆ ಅಂತ ಆಳುಗಳೇ ಮಾತಾಡ್ಕೊಳ್ತಾರೆ. ನೀವು ಲೆಕ್ಕ ಹೇಳಿದ್ರಿ, ಸಂತೋಷ. ತೋಟ ನಮಗ್ ಬಿಡಿ."

ಉಮಾಮಹೇಶ್ವರ ಪುಸ್ತಕ ಮುಚ್ಚಿದ. ನಿಮಗೆ ಬೇಕಿರುವುದು ಪ್ರಯೋಗವಲ್ಲ, ಗ್ರೂಪ್ ಫೋಟೋ ಎಂದು ಹೇಳಿ, ಅವರು ತರಿಸಿದ ಕಾಫಿಯನ್ನು ಮುಟ್ಟದೆ, ಜೀಪನ್ನೂ ಹತ್ತದೆ ಬಸ್‌ಸ್ಟ್ಯಾಂಡಿಗೆ ನಡೆದು ಹೋದ. ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿ ಮೆಚ್ಚಿಕೊಂಡ. ಅಲ್ಲೇ ಕೂತು ಇನ್ನಷ್ಟು ಹೊತ್ತು ವಾದ ಮಾಡಿದ್ದರೆ ಇಬ್ಬರೋ ಮೂವರೋ ಒಪ್ಪುತ್ತಿದ್ದರೇನೋ ಎಂಬುದು ಹೊಳೆದಾಗ ಬಸ್ಸು ಮೂಡಿಗೆರೆ ದಾಟಿತ್ತು.

ಮೂರನೆಯ ವರ್ಷ ವರದಿ ಬಂತು. ಬೇಡವೆಂದಿದ್ದರೂ ಅವನ ಹೆಸರು ಕೊನೆಯ ಪುಟದಲ್ಲಿ ಕೃತಜ್ಞತೆಗಳ ಸಾಲಿನಲ್ಲಿತ್ತು. ಬಯಲು ಪ್ಲಾಟುಗಳಲ್ಲಿ ಹುಳು ಹಿಡಿದ ಗಿಡದ ಸರಾಸರಿ ದಟ್ಟ ನೆರಳಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಒಂದೊಂದು ಗುಂಪಿನ ಒಳಗೇ ಪ್ಲಾಟುಗಳು ದಿಕ್ಕಾಪಾಲಾಗಿದ್ದವು. ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಬೇಕಾದ ಗೆರೆಯನ್ನು ಪರೀಕ್ಷೆಯ ಲೆಕ್ಕ ದಾಟಲಿಲ್ಲ. ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ ಎಂದು ವರದಿ ಹೇಳಿತು. ಆ ವಾಕ್ಯ ಕ್ಲಬ್ಬಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಗಮನಾರ್ಹ ಎಂಬುದನ್ನು ಕಳೆದುಕೊಂಡಿತ್ತು. ಜಾವಳಿ ತಲುಪುವಷ್ಟರಲ್ಲಿ ಕಂಡುಬಂದಿಲ್ಲ ಎಂಬುದನ್ನೂ ಕಳೆದುಕೊಂಡು, ವ್ಯತ್ಯಾಸವಿಲ್ಲ ಎಂದಷ್ಟೇ ಆಗಿತ್ತು. ಪ್ರಸಾದ ಮರದ ವ್ಯಾಪಾರಿಗೆ ಹೇಳಿ ಕಳಿಸಿದ.

ಸುದ್ದಿ ತಿಳಿದ ಭಾನುವಾರ ಗಂಡಹೆಂಡಿರು ಮೊದಲ ಬಸ್ಸಿಗೆ ಹೊರಟರು. ಜಾವಳಿಯಲ್ಲಿ ಇಳಿದಾಗ ಮಂಜು ಇನ್ನೂ ಎದ್ದಿರಲಿಲ್ಲ. ಪ್ರಸಾದ ಜಗಲಿಯಲ್ಲಿ ಕೂತು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜದ ಮಾದರಿ ಉಜ್ಜಿ ನೋಡುತ್ತಿದ್ದ. ಉಮಾಮಹೇಶ್ವರ ಅಂಗಳದ ತುದಿಗೆ ಹೋಗಿ ನಿಂತು ಕರೆದ.

"ಪ್ರಸಾದ, ಎದುರಿಗೆ ಗುಡ್ಡ ಕಾಣ್ತದಾ?"

"ಮಂಜಲ್ವಾ ಭಾವ. ಎಲ್ಲಿ ಕಾಣ್ತದೆ?"

"ಹಾಗಾದ್ರೆ ಗುಡ್ಡ ಇಲ್ಲ ಅಂತ ಬರ್ಕೊಳ್ಳೋಣ್ವಾ?"

ಪ್ರಸಾದ ಎದ್ದು ಬಂದು ಪಕ್ಕದಲ್ಲಿ ನಿಂತ. ಕ್ಲಬ್ಬಿನವರು ಮಾಡಿದ್ದು ಇದೇ ಎಂದು ಉಮಾಮಹೇಶ್ವರ ಹೇಳಿದ. ಎಷ್ಟು ಮಂಜಿದೆ ಎಂದು ಮೊದಲೇ ಲೆಕ್ಕ ಹಾಕಬಹುದಿತ್ತು. ನಾನು ಹಾಕಿಯೂ ಕೊಟ್ಟೆ. ಗುಡ್ಡ ಇದ್ದರೂ ನೂರರಲ್ಲಿ ಎಂಬತ್ತೇಳು ಸಲ ಕಾಣದಂಥ ಮಂಜಿನಲ್ಲಿ ನಿಂತು ನೋಡಿ ಬಂದಿದ್ದಾರೆ. ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಓದಬೇಡ. ಮಾತು ಪ್ರಸಾದನಿಗೆ ತಟ್ಟಿತ್ತು. ಜಗಲಿಯ ಕಂಬ ಹಿಡಿದು ನಿಂತಿದ್ದ ಸುಭದ್ರೆಗೆ ಅದು ಅವನ ಬಗ್ಗಿದ ಕತ್ತಿನಲ್ಲೇ ಗೊತ್ತಾಯಿತು.

"ಅಂದ್ರೆ ಮರ ತೆಗೆದ್ರೆ ಬೋರರ್ ಜಾಸ್ತಿ ಆಗ್ತದೆ ಅಂತಲಾ?"

"ಅದು ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಚಿಕ್ಕಮಗಳೂರಿಂದ ಬಸ್ ಹತ್ತಿ ಬಂದ್ರಾ ಭಾವ?"

ಪ್ರಸಾದ ತಮಾಷೆಗೇ ಹೇಳಿದ್ದ. ತಿರುಗಿ ತಮಾಷೆ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಉಮಾಮಹೇಶ್ವರನಿಗೆ ಆ ನಗುವಿನಲ್ಲಿ ಕ್ಲಬ್ಬಿನ ನಗು ಕೇಳಿಸಿತು. ಅಂಗಳದಲ್ಲಿ ಕೆಲಸದವರು ನಿಂತಿದ್ದರು, ಪ್ರಸಾದನ ಹೆಂಡತಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು.

"ನೂರು ಅಂದ್ರೆ ಎಷ್ಟು, ಹದಿಮೂರು ಅಂದ್ರೆ ಎಷ್ಟು ಅಂತ ಗೊತ್ತಾಗೋ ತಲೆ ನಿಂಗೆ ಇದ್ದಿದ್ರೆ ನಾನು ಬರಬೇಕಿರ್ಲಿಲ್ಲ" ಎಂದ.

ಪ್ರಸಾದ ಬಿಸಿ ಲೋಟವನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ಭಾವನ ಮುಂದೆ ಇಟ್ಟ. ಕುಡಿಯಿರಿ, ಬಸ್ಸಿಗೆ ಹೊತ್ತಾಗುತ್ತದೆ ಎಂದ. ಅಷ್ಟೇ. ಮರುವಾರ ಮರ ಕಡಿಯುವ ಪರ್ಮಿಟ್ಟಿನ ಓಡಾಟ ಶುರುವಾಯಿತು.

ಸುಭದ್ರಾ ತಮ್ಮನಿಗೆ ಹೇಳಿದಳು, ನನ್ನ ಅರ್ಧ ಕಡಿಯದೆ ಬಿಡು. ಅಕ್ಕತಮ್ಮಂದಿರ ನಡುವೆ ಅಲ್ಲಿಯವರೆಗೆ ಗಡಿ ಇರಲಿಲ್ಲ. ಮೇಲಿನಿಂದ ಹಳ್ಳಕ್ಕೆ ಇಳಿಯುವ ಬಸಿಗಾಲುವೆಯನ್ನೇ ಗಡಿ ಎಂದುಕೊಂಡರು. ಕಾಲುವೆಯ ಆಚೆ ಮರಗಳು ಉರುಳಿದವು. ಅವಳು ಹೆಸರಿಟ್ಟಿದ್ದ ಹಲಸು, ಬೆನ್ನು ಗೂನಾದ ನಂದಿ, ಹಕ್ಕಿಗಳಿಂದ ತುಂಬಿರುತ್ತಿದ್ದ ಅತ್ತಿ. ಆ ಬೇಸಿಗೆ ಅವಳು ತವರಿಗೆ ಹೋಗಲಿಲ್ಲ. ತಾನು ಸರಿ ಇದ್ದೆ ಎಂಬುದು ಉಮಾಮಹೇಶ್ವರನಿಗೆ ಮನೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಇಡೀ ಸೀಮೆಯಲ್ಲಿ ಬೋರರ್ ಹಬ್ಬಿತು. ಕಾಫಿಗೆ ಬೆಲೆಯೂ ಇರಲಿಲ್ಲ. ಪ್ರಸಾದನ ಪಾಲಿನಲ್ಲಿ ಕಿತ್ತ ಗಿಡಗಳ ರಾಶಿ ವಾರಗಟ್ಟಲೆ ಹೊಗೆಯಾಡಿತು. ಬಸಿಗಾಲುವೆಯ ಈಚೆ, ಹಲಸು ನಂದಿಗಳ ಕೆಳಗೆ, ಸುಭದ್ರೆಯ ಗಿಡಗಳು ಅಲ್ಲೊಂದು ಇಲ್ಲೊಂದು ಹೋಗಿ ಉಳಿದವು ಹಸಿರಾಗಿಯೇ ನಿಂತವು. ರಸ್ತೆಯಲ್ಲಿ ಹೋಗುವವರಿಗೆ ಎರಡೂ ಒಟ್ಟಿಗೇ ಕಾಣುತ್ತಿದ್ದವು. ಜೀಪು ನಿಲ್ಲಿಸಿ ನೋಡುತ್ತಿದ್ದರು. ಮೇಷ್ಟ್ರು ಆಗಲೇ ಹೇಳಿದ್ದರಂತೆ ಎಂಬ ಮಾತು ಕ್ಲಬ್ಬಿನವರೆಗೆ ಹೋಯಿತು. ಕ್ಲಬ್ಬು ಅಷ್ಟು ಹೊತ್ತಿಗೆ ಎಲ್ಲವನ್ನೂ ಮರೆತು, ಅವನನ್ನು ಮೊದಲಿನಿಂದಲೂ ಗೌರವಿಸುತ್ತಿತ್ತು ಎಂದು ನಂಬಿಕೊಂಡಿತ್ತು. ವಾರ್ಷಿಕ ಸಭೆಯಲ್ಲಿ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಂದು ಮಲ್ಲಿಕಾರ್ಜುನಪ್ಪ ತಾವೇ ಫೋನು ಮಾಡಿದರು.

ಹೋಗುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು ಸುಭದ್ರಾ. ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಆ ಶಾಲು ಅವನಿಗೆ ಬೇಕಿತ್ತು. ಹದಿಮೂರು ಎಂದಾಗ ನಕ್ಕವರು ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿಕೊಂಡಿದ್ದ.

ಮಲ್ಲಿಕಾರ್ಜುನಪ್ಪನವರ ಮೀಸೆ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಜಾವಳಿಯಲ್ಲಿ ಒಂದೇ ಮನೆತನದ ಎರಡು ತೋಟ, ಒಂದಕ್ಕೆ ನೆರಳಿದೆ, ಒಂದಕ್ಕಿಲ್ಲ, ಇದಕ್ಕಿಂತ ದೊಡ್ಡ ಪ್ರಯೋಗ ಬೇಕೆ ಎಂದು ಅವರು ಮೈಕಿನಲ್ಲಿ ಕೇಳಿದರು. ಜನ ತಲೆಯಾಡಿಸಿದರು. ಹಿಂದಿನ ಸಾಲಿನ ತುದಿಯಲ್ಲಿ ಪ್ರಸಾದ ಕೂತಿದ್ದನ್ನು ಉಮಾಮಹೇಶ್ವರ ಆಗ ನೋಡಿದ. ತೆಳ್ಳಗಾಗಿದ್ದ. ಮದುವೆಮನೆಯಲ್ಲಿ ತನ್ನ ಮಗಳ ವಿಷಯ ಯಾರಾದರೂ ಎತ್ತುತ್ತಾರೆಂದು ಹೆದರಿದ ತಂದೆಯ ಹಾಗೆ ನೆಲ ನೋಡುತ್ತಿದ್ದ.

ಶಾಲು ಹೆಗಲಿಗೆ ಬರುವ ಮೊದಲೇ ಉಮಾಮಹೇಶ್ವರ ಮೈಕಿನ ಮುಂದೆ ಬಂದ.

"ಕಾಲುವೆ ಆಚೆ ಒಂದು ತೋಟ, ಈಚೆ ಒಂದು ತೋಟ. ಸಾಲದು."

ಯಾರೋ ಕೆಮ್ಮಿದರು. ಅವನು ಮುಂದುವರಿಸಿದ. ಆಚೆಯ ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದೆ, ಮಣ್ಣು ತೆಳುವು. ಈಚೆ ನನ್ನ ಹೆಂಡತಿ ಹುಳು ಹುಡುಕಲು ಹೆಚ್ಚು ಆಳು ಇಟ್ಟಿದ್ದಳು. ನೆರಳೊಂದೇ ಕಾರಣ ಎಂದು ನನಗೆ ಗೊತ್ತಿಲ್ಲ. ಅಂದು ಹನ್ನೆರಡು ಪ್ಲಾಟು ನೋಡಿ ವ್ಯತ್ಯಾಸ ಇಲ್ಲ ಎಂದಿರಿ, ಇಂದು ಎರಡು ನೋಡಿ ಇದೆ ಎನ್ನುತ್ತಿದ್ದೀರಿ. ನೀವು ಒಂದಿಷ್ಟೂ ಕಲಿತಿಲ್ಲ. ಇಷ್ಟು ಹೇಳಿ ಕೆಳಗಿಳಿದ. ಶಾಲು ಒಂದು ಕ್ಷಣ ಮಲ್ಲಿಕಾರ್ಜುನಪ್ಪನವರ ಕೈಯಲ್ಲೇ ಉಳಿದು, ಆಮೇಲೆ ಗೊಬ್ಬರದ ಕಂಪನಿಯಿಂದ ಬಂದಿದ್ದ ಅತಿಥಿಯೊಬ್ಬರ ಹೆಗಲೇರಿತು. ಅವರಿಗೂ ಅಷ್ಟೇ ಜೋರಾದ ಚಪ್ಪಾಳೆ ಬಿತ್ತು.

ಹೊರಗೆ ಪ್ರಸಾದ ಜೀಪಿನ ಪಕ್ಕ ಕಾಯುತ್ತಿದ್ದ. ಮೂರು ವರ್ಷದಿಂದ ಮಾತಿರಲಿಲ್ಲ. ಹತ್ತಿ ಭಾವ ಎಂದ. ಜಾವಳಿಯ ತಿರುವಿನಲ್ಲಿ ಪ್ರಸಾದನೇ ಮಾತು ತೆಗೆದ.

"ಅಷ್ಟು ಜನರ ಮುಂದೆ ನಾನು ದಡ್ಡ ಅಂತ ಹೇಳ್ಬಹುದಿತ್ತು ನೀವು."

"ಹೇಳಲಿಕ್ಕೆ ಆಧಾರ ಸಾಲದು ಮಾರಾಯ."

ಪ್ರಸಾದ ನಗಲಿಲ್ಲ. ಗೇರು ಬದಲಿಸಿದ. "ಈಗ ಬೋಳು ಬಿದ್ದಿದೆಯಲ್ಲ ನನ್ ಪಾಲು. ಎಂತ ನೆಡ್ಲಿ? ಅದನ್ನಾದ್ರೂ ಹೇಳ್ತೀರಾ?"

ಉಮಾಮಹೇಶ್ವರನ ನಾಲಿಗೆಯ ತುದಿಗೆ ಅದೇ ಹಳೆಯ ಮಾತು ಬಂತು. ಆಗ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಎಷ್ಟು ಪ್ಲಾಟು ಬೇಕೆಂಬ ಲೆಕ್ಕಕ್ಕೆ ಮೊದಲು ಬೇಕಾದದ್ದು, ಎಷ್ಟು ವ್ಯತ್ಯಾಸವಾದರೆ ನಿಮಗೆ ವ್ಯತ್ಯಾಸ ಎಂಬ ಪ್ರಶ್ನೆಗೆ ತೋಟದವನು ಕೊಡುವ ಉತ್ತರ. ಅದನ್ನು ಅವನು ಕ್ಲಬ್ಬಿನಲ್ಲಿ ಕೇಳಿರಲಿಲ್ಲ. ಪ್ರಸಾದನನ್ನೂ ಕೇಳಿರಲಿಲ್ಲ. ಇವರಿಗೇನು ಗೊತ್ತಿರುತ್ತದೆ ಎಂದುಕೊಂಡು ಪುಸ್ತಕದಲ್ಲಿದ್ದುದನ್ನೇ ತುಂಬಿಸಿಬಿಟ್ಟಿದ್ದ.

"ವರ್ಷಕ್ಕೆ ನೂರಕ್ಕೆ ಎಷ್ಟು ಗಿಡ ಹೋದ್ರೆ ನೀನು ತಡ್ಕೊಳ್ತೀಯ?" ಎಂದು ಕೇಳಿದ. ದನಿ ಅವನಿಗೇ ಹೊಸದಾಗಿತ್ತು.

ಪ್ರಸಾದ ಜೀಪನ್ನು ರಸ್ತೆಬದಿಗೆ ನಿಲ್ಲಿಸಿ ಯೋಚಿಸಿದ. ಎರಡು ಮೂರು ಹೋದರೆ ಮಾಮೂಲು, ಹತ್ತು ಹೋದರೆ ಅರೇಬಿಕಾ ಬಿಟ್ಟುಬಿಡುವುದೇ ಎಂದ. ಅಷ್ಟು ದೊಡ್ಡ ಅಂತರವನ್ನು ಹಿಡಿಯುವುದು, ಅದೂ ಒಂದೇ ತೋಟದ ಒಳಗೆ, ಕಷ್ಟವಲ್ಲ. ಉಮಾಮಹೇಶ್ವರ ಡ್ಯಾಷ್‌ಬೋರ್ಡಿನ ಧೂಳಿನ ಮೇಲೆ ಬೆರಳಿನಿಂದ ಗೀಚಿದ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳು, ಪ್ರತಿ ಪಟ್ಟಿಯಲ್ಲೂ ಮೂರು ಬಗೆ: ಹಲಸು ಅತ್ತಿಯ ದಟ್ಟ ನೆರಳು, ಅದೇ ತೆಳ್ಳಗೆ, ಬರೀ ಸಿಲ್ವರ್ ಓಕ್. ಮರ ಏಳುವವರೆಗೆ ಬೇಗ ಚಿಗುರುವ ಹಾಲುವಾಣದ ಗೂಟಗಳನ್ನು ಅಷ್ಟಷ್ಟೇ ಅಂತರದಲ್ಲಿ ಹುಗಿಯುವುದು.

"ಆರು ಪಟ್ಟಿ ಸಾಕು. ಈ ತೋಟದ ಮಟ್ಟಿಗೆ."

"ಎಂತ ಅಂದ್ರಿ?"

"ಸಾಕು ಅಂದೆ."

"ಅಕ್ಕನಿಗೆ ಹೇಳಿದ್ರೆ ನಂಬೋದಿಲ್ಲ" ಎಂದ ಪ್ರಸಾದ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಗೂಟ ಹೊಡೆದರು. ಸುಭದ್ರಾ ಬಸಿಗಾಲುವೆ ದಾಟಿ ಆಚೆ ಬಂದು, ಹಲಸು ನಿಂತಿದ್ದ ಜಾಗದ ಕೊರಡಿನ ಮೇಲೆ ಕೂತಳು. ಅವಳ ಮಡಿಲಲ್ಲಿ ಬಟ್ಟೆಯ ಚೀಲ. ಅದರಲ್ಲಿ ದಟ್ಟ ನೆರಳಿಗೆ ಒಂದು ಹಲಸಿನ ಬೀಜ, ತೆಳು ನೆರಳಿಗೆ ಒಂದು ಅಡಿಕೆ, ಸಿಲ್ವರ್ ಓಕಿಗೆ ಒಂದು ಬೆಣಚುಕಲ್ಲು. ಪ್ರತಿ ಪಟ್ಟಿಗೂ ಅವಳು ನೋಡದೆ ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು, ಪ್ರಸಾದ ಗೂಟದ ಬುಡದಲ್ಲಿ ಗುರುತು ಮಾಡುತ್ತಿದ್ದ. ಮೂರನೆಯ ಪಟ್ಟಿಯಲ್ಲಿ, ತೋಟದಲ್ಲೇ ಒಳ್ಳೆಯ ಮಣ್ಣಿನ ಜಾಗಕ್ಕೆ ಬೆಣಚುಕಲ್ಲು ಬಂತು. ಪ್ರಸಾದ ಅದನ್ನು ಅಂಗೈಯಲ್ಲಿ ಹಿಡಿದು ನಿಂತ. ಮೇಲೆ ರಸ್ತೆಯಲ್ಲಿ ಒಂದು ಜೀಪು ನಿಧಾನವಾಯಿತು.

"ಇದು ಎದ್ದು ಕಾಣೋ ಜಾಗ ಭಾವ. ಇಲ್ಲೊಂದು ಹಲಸು ಹಾಕಿ, ಕಲ್ಲನ್ನ ಆ ಕಡೆ..."

ಉಮಾಮಹೇಶ್ವರ ಅವನನ್ನು ನೋಡಿದ. ಕ್ಲಬ್ಬಿನ ಹನ್ನೆರಡು ಜನರನ್ನು ನೋಡಿದ್ದ ಅದೇ ನೋಟ. ಪ್ರಸಾದ ಬಾಯ್ಮುಚ್ಚಿ ಕಲ್ಲನ್ನು ಗೂಟದ ಬುಡದಲ್ಲಿಟ್ಟ. ಸುಭದ್ರಾ ನಗುತ್ತ ಮತ್ತೆ ಚೀಲಕ್ಕೆ ಕೈಹಾಕಿದಳು.